ಹೈಡ್ರೋಜನ್ ತೆಗೆದು ನಕ್ಷತ್ರ ಮಾಡೋಕೆ ಹೋದೆ

ಹೈಡ್ರೋಜನ್ ಒಂಚೂರೂ ಇಲ್ದೆ ನಕ್ಷತ್ರ ಆಗತ್ತಾ ಅನ್ನೋದು ತಲೇಲಿ ಕೂತುಬಿಟ್ಟಿತ್ತು, ಕೊನೆಗೆ ಪೈಥಾನಲ್ಲಿ ನಾನೇ ಒಂದು ಪುಟ್ಟ ಕೋಡ್ ಬರೆದು ನೋಡೇಬಿಡೋಣ ಅಂತ ಕೂತೆ. ದೊಡ್ಡ ಸಿಮ್ಯುಲೇಶನ್ ಏನಲ್ಲ. ಒಂದು ಅನಿಲದ ಗುಂಡು, ಒಳಕ್ಕೆ ಎಳೆಯೋ ಗುರುತ್ವ, ಹೊರಕ್ಕೆ ತಳ್ಳೋ ಒತ್ತಡ, ಎರಡೂ ಸಮ ಆಗೋ ಹಾಗೆ ಲೇನ್-ಎಂಡನ್ ಸಮೀಕರಣ ಬಿಡಿಸಿ ನಡುವಿನ ಬಿಸಿ ಎಷ್ಟು ಬರತ್ತೆ ನೋಡೋದು, ಅಷ್ಟೇ.

ಮೊದಲು ಸೂರ್ಯನ್ನೇ ಹಾಕಿದೆ, 1.2 ಕೋಟಿ ಡಿಗ್ರಿ ಬಂತು. ನಿಜವಾದ್ದು ಸುಮಾರು 1.5 ಕೋಟಿ, ನನ್ನ ಒರಟು ಕೋಡಿಗೆ ಇಷ್ಟು ಸಾಕು. ಆಮೇಲೆ ಅದೇ ತೂಕ ಅದೇ ಗಾತ್ರ ಇಟ್ಕೊಂಡು ಪೂರ್ತಿ ಕಾರ್ಬನ್ ತುಂಬಿದೆ ನೋಡಿ, ಸೀದಾ 23 ಕೋಟಿ! ಎರಡು ದಿನ ಆ ನಂಬರನ್ನ ನಂಬ್ಕೊಂಡೇ ಓಡಾಡ್ದೆ. ತಪ್ಪು ಎಲ್ಲಿತ್ತು ಅಂದ್ರೆ ಕಣದ ಸರಾಸರಿ ತೂಕ ಅನ್ನೋ ಜಾಗದಲ್ಲಿ 12 ಬರ್ದಿದ್ದೆ. ಆ ಬಿಸೀಲಿ ಕಾರ್ಬನ್ ಪರಮಾಣು ಇಡಿಯಾಗಿ ಎಲ್ಲಿರತ್ತೆ, ಆರೂ ಎಲೆಕ್ಟ್ರಾನ್ ಕಳಚ್ಕೊಂಡು ಒಟ್ಟು 7 ಕಣ ಆಗತ್ತೆ, ಅಂದ್ರೆ ಸರಾಸರಿ 12ನ್ನ 7ರಿಂದ ಭಾಗಿಸಿದ್ದು, 1.7 ಹತ್ರ. ತಿದ್ದಿದ್ಮೇಲೆ ಬಂದಿದ್ದು ಬರೀ 3.4 ಕೋಟಿ. ಕಾರ್ಬನ್ ಬೆಸೆಯೋಕೆ, ಅಂದ್ರೆ ಅದರ ಪರಮಾಣು ಬೀಜಗಳು ಒಂದಕ್ಕೊಂದು ಅಂಟಿ ಶಕ್ತಿ ಬಿಡೋಕೆ, 60 ಕೋಟಿನಾದ್ರೂ ಬೇಕು.

ಹಾಗಾದ್ರೆ ಆಗಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚೋದ್ರಲ್ಲಿದ್ದೆ. ಆದ್ರೆ ಗುಂಡು ಅದೇ ಗಾತ್ರದಲ್ಲಿ ಯಾಕೆ ಕೂತಿರ್ಬೇಕು? ಮೈಯಿಂದ ಬಿಸಿ ಸೋರ್ತಾ ಇರತ್ತೆ, ಸೋರಿದಷ್ಟೂ ಕುಗ್ಗತ್ತೆ, ಕುಗ್ಗಿದಷ್ಟೂ ಒಳಗೆ ಇನ್ನೂ ಬಿಸಿ ಆಗತ್ತೆ, ಈ ತಮಾಷೆ ಜೀರ್ಣ ಆಗೋಕೆ ನಂಗೆ ಟೈಮ್ ಹಿಡೀತು. ಒಳಗೆ ಏನೂ ಬೆಸೀದೇ ಇದ್ರೂ ಬರೀ ಕುಗ್ಗಿಕೊಂಡೇ ಸೂರ್ಯ ಈಗಿನಷ್ಟೇ ಬೆಳಕು ಕೊಟ್ಕೊಂಡು ಸುಮಾರು 3 ಕೋಟಿ ವರ್ಷ ತಳ್ಳಬಹುದು. ಕಬ್ಬಿಣದ ಗುಂಡೂ ಹಾಗೇ ಹೊಳೆಯತ್ತೆ. ಅಂದ್ರೆ ಹೈಡ್ರೋಜನ್ ಬೆಂಕಿಕಡ್ಡಿ ಅಲ್ಲ, ಬ್ರೇಕು. ಅದು ಬೆಸೆಯೋಕೆ ಶುರು ಮಾಡಿದ್ರೆ ಕುಗ್ಗೋದು ನಿಲ್ಲತ್ತೆ.

ಸರಿ, ಕುಗ್ಗಿಸ್ತಾ ಹೋದೆ, ಎಷ್ಟು ಕಮ್ಮಿ ತೂಕದ ಗುಂಡು ಹಾಕಿದ್ರೂ ಹೊತ್ಕೋತಿತ್ತು, ಅದು ಅನುಮಾನ ತರಿಸ್ತು. ತುಂಬಾ ಒತ್ತಿದಾಗ ಎಲೆಕ್ಟ್ರಾನ್‌ಗಳು ಬಿಸಿ ಇಲ್ದೆನೂ ಎದುರು ತಳ್ತವೆ, ಆ ಒತ್ತಡ ನನ್ನ ಕೋಡಲ್ಲಿ ಇರ್ಲೇ ಇಲ್ಲ. ಸೇರಿಸಿದ್ಮೇಲೆ ಪ್ರತಿ ಧಾತುಗೂ ಹೊತ್ಕೊಳ್ಳೋಕೆ ಬೇಕಾದ ಒಂದು ಕನಿಷ್ಠ ತೂಕ ಬಂತು. ನನ್ನ ಅಂಕಿಗಳು ಒರಟು, ಪುಸ್ತಕದ್ದೇ ಹೇಳ್ತೀನಿ: ಹೈಡ್ರೋಜನ್‌ಗೆ ಸೂರ್ಯನ 0.08 ಪಟ್ಟು, ಹೀಲಿಯಂಗೆ ಸುಮಾರು 0.3, ಕಾರ್ಬನ್‌ಗೆ ಹೆಚ್ಚುಕಮ್ಮಿ 1. ಕಬ್ಬಿಣಕ್ಕೆ ಈ ಲೆಕ್ಕನೇ ಇಲ್ಲ, ಬೆಸೆದ್ರೆ ಶಕ್ತಿ ಸಿಗೋದಿರ್ಲಿ, ಕೈಯಿಂದಲೇ ಹಾಕ್ಬೇಕು.

ಆಯಸ್ಸು ಮಾತ್ರ ಪಾಪ. ಹೈಡ್ರೋಜನ್ ಹೀಲಿಯಂ ಆದಾಗ ತೂಕದ 0.7 ಶೇಕಡಾ ಶಕ್ತಿ ಆಗತ್ತೆ, ಹೀಲಿಯಂ ಕಾರ್ಬನ್ ಆದಾಗ 0.065, ಹತ್ತರಲ್ಲಿ ಒಂದು ಪಾಲೂ ಇಲ್ಲ. ಮೇಲಿಂದ ಅಷ್ಟೇ ತೂಕದ ಹೀಲಿಯಂ ಗುಂಡು ಸೂರ್ಯನಿಗಿಂತ ನೂರಾರು ಪಟ್ಟು ಜೋರಾಗಿ ಖರ್ಚು ಮಾಡತ್ತೆ. ಸೂರ್ಯಂದು 1000 ಕೋಟಿ ವರ್ಷ ಆದ್ರೆ ಇದ್ರದ್ದು ಒಂದೆರಡು ಕೋಟಿ.

ಇಷ್ಟೆಲ್ಲ ಗುಂಡು ಆಗ್ಲೇ ಇದೆ ಅಂತ ಇಟ್ಕೊಂಡು. ಮೋಡದಿಂದ ಹುಟ್ಟಿಸೋಕೆ ಹೋದಾಗ ಹೀಲಿಯಂ ಕೈಕೊಡ್ತು. ಮೋಡ ಕುಸೀಬೇಕು ಅಂದ್ರೆ ತಣ್ಣಗಾಗ್ಬೇಕು, ಅದಕ್ಕೆ ಅಣುವೋ ಪರಮಾಣುವೋ ಬಿಸೀನ ಹೀರಿ ಬೆಳಕಾಗಿ ಹೊರಗೆ ಹಾಕ್ಬೇಕು. ಹೀಲಿಯಂ ಅಣು ಕಟ್ಟಲ್ಲ, ಅದರ ಎಲೆಕ್ಟ್ರಾನನ್ನ ಮೇಲೆ ಹತ್ತಿಸೋಕೇ 20 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯೋ ಮಾನ) ಹತ್ರ ಬೇಕು, ಸೋ 10,000 ಡಿಗ್ರಿ ಹತ್ರ ಬಂದು ನಿಂತುಬಿಡತ್ತೆ. ಮಾಮೂಲಿ ನಕ್ಷತ್ರ ಹುಟ್ಟೋ 10 ಕೆಲ್ವಿನ್‌ನ (ಸೊನ್ನೆಗಿಂತ 263 ಡಿಗ್ರಿ ಕೆಳಗೆ) ಮೋಡಕ್ಕೆ ಹೋಲಿಸಿದ್ರೆ, ಸಾಂದ್ರತೆ ಒಂದೇ ಇದ್ರೆ, ಕುಸಿಯೋಕೆ ಬೇಕಾದ ತೂಕ ಬಿಸಿಯೊಂದರಿಂದಲೇ 30 ಸಾವಿರ ಪಟ್ಟು.

ಹಾಗಂತ ಆಕಾಶದಲ್ಲಿ ಅಂಥವು ಇಲ್ಲ ಅಂತಲ್ಲ. ಉತ್ತರ ಕಿರೀಟ ನಕ್ಷತ್ರಪುಂಜದಲ್ಲಿರೋ ಆರ್ ಕೊರೋನಾ ಬೋರಿಯಾಲಿಸ್ ಅನ್ನೋ ನಕ್ಷತ್ರದಲ್ಲಿ ಹೈಡ್ರೋಜನ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಬಹುಶಃ ಒಂದು ಹೀಲಿಯಂ ಒಂದು ಕಾರ್ಬನ್-ಆಕ್ಸಿಜನ್ ಶ್ವೇತಕುಬ್ಜ (ಸತ್ತ ನಕ್ಷತ್ರದ ಉಳಿದ ತಿರುಳು) ಡಿಕ್ಕಿ ಹೊಡ್ದು ಸೇರಿ ಆಗಿದ್ದು. ಮೋಡದಿಂದಲ್ಲ, ಎರಡು ಹಳೇ ಹೆಣದಿಂದ. ಆಗಾಗ ಅದು ತಾನೇ ಮಸಿ ಕಕ್ಕಿ, ಬೈನಾಕ್ಯುಲರಲ್ಲಿ ಸಲೀಸಾಗಿ ಸಿಗ್ತಿದ್ದದ್ದು ತಿಂಗಳುಗಟ್ಲೆ ಮಾಯ ಆಗತ್ತೆ.