ಸೀಟಿಗೆ ಕೂರದ ನಾಯಿಗೆ ಕೈಸನ್ನೆ ಬೇಡ: ಲ್ಯಾಬ್ರಡಾರ್‌ಗೆ ದಿಕ್ಕು ಕಲಿಸುವ ಕ್ರಮ

ನೀರುಹಕ್ಕಿ ಬೇಟೆಯಲ್ಲಿ ಹೊಡೆದ ಬಾತು ಜೊಂಡಿನೊಳಗೆ ಬಿದ್ದು ನಾಯಿಯ ಕಣ್ಣಿಗೆ ಕಾಣದೆ ಹೋದರೆ, ದಂಡೆಯಲ್ಲಿ ನಿಂತವನು ಸೀಟಿ ಊದಿ ಕೈ ತೋರಿಸಿ ಅದನ್ನು ಅಲ್ಲಿಗೆ ಮುಟ್ಟಿಸಬೇಕು. ರಿಟ್ರೀವರ್ ತಳಿಗಳ ಹೆಸರಾಗಿರುವುದು ಈ ಕೆಲಸಕ್ಕೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಕಾಡುಬಾತು ಹೊಡೆಯುವ ಮಾತೇ ಇಲ್ಲ. ಆದರೂ ಈ ವಿದ್ಯೆಯನ್ನು ಡಮ್ಮಿ, ಅಂದರೆ ಹಕ್ಕಿಯ ಬದಲು ಎಸೆಯುವ ವಸ್ತು, ಇಟ್ಟುಕೊಂಡು ಪೂರ್ತಿ ಕಲಿಸಬಹುದು. ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಇದ್ದರೆ ಸಾಕು. ಬಾಗಲಕೋಟೆ ಕಡೆ ಮುಧೋಳ ನಾಯಿಗೂ ಕಲಿಸಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ನಾಯಿ. ಕಾಣದ ವಸ್ತುವಿಗಾಗಿ ಮನುಷ್ಯನ ಕೈ ನೋಡುತ್ತ ಕೂರುವುದು ಅದರ ಸ್ವಭಾವವಲ್ಲ.

ನಾಯಿಗೆ ಏಳೆಂಟು ತಿಂಗಳಾಗಿ ಹಾಲುಹಲ್ಲು ಪೂರ್ತಿ ಬಿದ್ದಿರಬೇಕು. ಕರೆದರೆ ಬರುವುದು, ಪಕ್ಕದಲ್ಲಿ ನಡೆಯುವುದು, ಡಮ್ಮಿಯನ್ನು ಜಗಿಯದೆ ಕೈಗೆ ಕೊಡುವುದು ಮೊದಲೇ ಬಂದಿರಬೇಕು. ಡಮ್ಮಿ ಮನೆಯಲ್ಲೇ ಆಗುತ್ತದೆ: ಅರ್ಧ ಲೀಟರ್ ನೀರಿನ ಬಾಟಲಿಗೆ ಮೂರನೇ ಒಂದು ಪಾಲು ಒಣ ಮರಳು ತುಂಬಿ, ಮುಚ್ಚಳ ಬಿಗಿದು, ಮೇಲೆ ದಪ್ಪ ಕ್ಯಾನ್ವಾಸ್ ಎರಡು ಸುತ್ತು ಹೊಲಿಯಿರಿ. ನೀರಿನಲ್ಲಿ ತೇಲುತ್ತದೆ. ಇಂಥ ಹದಿನೈದು ಬೇಕು. ಅರ್ಧ ಬಿಳಿ, ಅರ್ಧ ಕಿತ್ತಳೆ ಇರಲಿ. ಬಿಳಿಯದು ಎರೆಹೊಲದ ಕಪ್ಪು ಮಣ್ಣಿನಲ್ಲಿ ನಾಯಿಗೆ ದೂರದಿಂದಲೇ ಕಾಣುತ್ತದೆ. ನಾಯಿಯ ಕಣ್ಣು ಕೆಂಪು-ಹಸಿರನ್ನು ಬೇರ್ಪಡಿಸಲಾರದು. ಹಾಗಾಗಿ ಕಿತ್ತಳೆ ಅದಕ್ಕೆ ಹುಲ್ಲಿನಲ್ಲಿ ಮಾಸಿಹೋಗುತ್ತದೆ, ನಿಮಗೆ ಮಾತ್ರ ಎದ್ದು ಕಾಣುತ್ತದೆ. ಮೊದಮೊದಲು ಬಿಳಿ, ಆಮೇಲೆ ಬಚ್ಚಿಡುವುದಕ್ಕೆ ಕಿತ್ತಳೆ.

ಸೀಟಿಯೊಳಗೆ ಗುಂಡು ಇರಬಾರದು. ಕಂಡಕ್ಟರ್ ಸೀಟಿಯಲ್ಲಿ ಎಂಜಲು ಸೇರಿದರೆ ದನಿ ಬದಲಾಗುತ್ತದೆ. ರಸ್ತೆ ಪಕ್ಕದ ಹೊಲವಾದರಂತೂ ಪ್ರತಿ ಬಸ್ಸಿಗೂ ನಾಯಿ ಕೂತೇಬಿಡುತ್ತದೆ! ಒಂದೇ ಶ್ರುತಿಯ ಎರಡು ಸೀಟಿ ಕೊಂಡು ಒಂದನ್ನು ಗಾಡಿಯಲ್ಲಿಡಿ.

ನಿಲ್ಲಿಸುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನಾಯಿ ಓಡುವುದು ಚೆಂದ ಕಂಡು, ನಿಲ್ಲಿಸುವುದನ್ನು ಅರ್ಧಕ್ಕೇ ಬಿಟ್ಟು ಕೈಸನ್ನೆಗೆ ಹಾರುತ್ತಾರೆ. ಓಡುತ್ತಿರುವ ನಾಯಿ ನಿಂತು ನಿಮ್ಮ ಮುಖ ನೋಡದಿದ್ದರೆ ಕೈ ಎತ್ತಿದರೂ ಒಂದೇ, ಎತ್ತದಿದ್ದರೂ ಒಂದೇ.

ಒಂದು ಉದ್ದ ಸೀಟಿ ಎಂದರೆ ಕೂತು ನನ್ನನ್ನು ನೋಡು. ಮೂರು ಗಿಡ್ಡ ಸೀಟಿ ಎಂದರೆ ಬಾ. ಬೆಲ್ಟ್ ಹಿಡಿದು ನಡೆಯುವಾಗ ಸೀಟಿ ಊದಿ ಕೂಡಲೇ ‘ಕುಂಡ್ರು’ ಎನ್ನಿ. ಒಂದು ವಾರದಲ್ಲಿ ಮಾತು ಬಿಟ್ಟು ಸೀಟಿ ಮಾತ್ರ ಉಳಿಸಿ. ಆಮೇಲೆ ಬೆಲ್ಟ್ ಬಿಚ್ಚಿ ಹತ್ತು ಹೆಜ್ಜೆಯಲ್ಲಿ, ಇಪ್ಪತ್ತರಲ್ಲಿ. ಅದು ಕೂತು ಮುಖ ನೋಡಿದ ಕ್ಷಣ ಟೆನಿಸ್ ಬಾಲನ್ನು ಅದರ ತಲೆಯ ಮೇಲಿಂದ ಹಿಂದಕ್ಕೆ ಎಸೆಯಿರಿ. ಕೈಯಿಂದ ತಿಂಡಿ ಕೊಟ್ಟರೆ ನಾಯಿ ನಿಮ್ಮ ಕಡೆ ತೆವಳಿ ಬರುತ್ತದೆ. ಬಹುಮಾನ ಬೆನ್ನ ಹಿಂದೆ ಬಿದ್ದರೆ ಕೂತಲ್ಲೇ ಕೂರುತ್ತದೆ.

ಕರೆದಾಗ ಬರುತ್ತಿರುವ ನಾಯಿಯನ್ನು ನಡುದಾರಿಯಲ್ಲಿ ನಿಲ್ಲಿಸುವುದು ಮುಂದಿನ ಹಂತ. ಐದು ಸಲ ಕರೆದರೆ ಒಂದು ಸಲ ಮಾತ್ರ ನಿಲ್ಲಿಸಿ, ಇಲ್ಲದಿದ್ದರೆ ಅದು ಅನುಮಾನಪಟ್ಟು ಕಾಲೆಳೆಯುತ್ತ ಬರುತ್ತದೆ. ಸೀಟಿಗೆ ಕೂರಲಿಲ್ಲವೇ? ಮತ್ತೆ ಊದಬೇಡಿ. ಎರಡೆರಡು ಸಲ ಊದಿದರೆ ಎರಡನೆಯದಕ್ಕೆ ಕೂತರೆ ಸಾಕು ಎಂದು ಅದು ಕಲಿಯುತ್ತದೆ. ನಡೆದು ಹೋಗಿ, ಸೀಟಿ ಕೇಳಿದಾಗ ಎಲ್ಲಿತ್ತೋ ಅಲ್ಲಿಗೇ ಕರೆತಂದು, ಸಿಟ್ಟಿಲ್ಲದೆ ಕೂರಿಸಿ. ನಲವತ್ತು ಹೆಜ್ಜೆಯಲ್ಲಿ ಹತ್ತರಲ್ಲಿ ಒಂಬತ್ತು ಸಲ ತಟ್ಟನೆ ಕೂತರೆ ಮುಂದಕ್ಕೆ ಹೋಗಿ.

ಕೈಸನ್ನೆ

‘ಎಡ’, ‘ಬಲ’ ಎಂಬ ಮಾತು ಬೇಡ: ‘ಬಲ’ ಮತ್ತು ‘ಬಾ’ ದೂರದಿಂದ ಒಂದೇ ಥರ ಕೇಳುತ್ತವೆ. ಎರಡು ಪಕ್ಕಕ್ಕೂ ‘ಅತ್ತ’ ಎನ್ನಿ, ಯಾವ ಕಡೆ ಎಂಬುದನ್ನು ಕೈ ಹೇಳುತ್ತದೆ. ದೂರಕ್ಕೆ ಕಳಿಸಲು ‘ಹಿಂದ’.

ನಾಯಿಯನ್ನು ಹತ್ತು ಹೆಜ್ಜೆ ದೂರದಲ್ಲಿ ನಿಮ್ಮತ್ತ ಮುಖ ಮಾಡಿ ಕೂರಿಸಿ. ಅದರ ಒಂದು ಪಕ್ಕಕ್ಕೆ ಇಪ್ಪತ್ತು ಹೆಜ್ಜೆ ಆಚೆ ಡಮ್ಮಿ ಎಸೆದು, ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಬಳಿಕ ಆ ಕಡೆಯ ಕೈಯನ್ನು ಭುಜದ ಮಟ್ಟಕ್ಕೆ ನೇರ ಚಾಚಿ, ಅದೇ ಕಡೆಗೆ ಎರಡು ಹೆಜ್ಜೆ ಇಟ್ಟು ‘ಅತ್ತ’ ಎನ್ನಿ. ಮೊದಲು ಹೊಲದ ಒಡ್ಡಿನ ಬುಡದಲ್ಲಿ ಮಾಡಿದರೆ ಒಡ್ಡೇ ಅದನ್ನು ನೇರ ನಡೆಸುತ್ತದೆ. ಹಿಂದಕ್ಕೆ ಕಳಿಸುವಾಗ ಡಮ್ಮಿ ಅದರ ತಲೆಯ ಮೇಲಿಂದ ಬೀಳಬೇಕು, ನಿಮ್ಮ ಕೈ ನೇರ ಮೇಲೇಳಬೇಕು. ಬಲಗೈ ಎತ್ತಿದರೆ ಎದುರು ಕೂತ ನಾಯಿ ತನ್ನ ಎಡಕ್ಕೆ ಹೊರಳಿ ಓಡಬೇಕು, ಎಡಗೈಗೆ ಬಲಕ್ಕೆ. ಇದನ್ನು ಶುರುವಿನಿಂದಲೇ ಬೇರೆಬೇರೆಯಾಗಿ ಕಲಿಸಿ. ಮುಂದೆ ನೂರು ಹೆಜ್ಜೆ ದೂರದಲ್ಲಿ ಹೊರಳುವ ಭುಜವೇ ದಾರಿಯನ್ನು ನಿರ್ಧರಿಸುತ್ತದೆ.

ನಂತರ ಎರಡು ಡಮ್ಮಿ: ಒಂದು ಪಕ್ಕಕ್ಕೆ, ಒಂದು ಹಿಂದಕ್ಕೆ. ಕೊನೆಗೆ ಎಸೆದದ್ದರ ಮೇಲೇ ನಾಯಿಯ ಆಸೆ ಇರುವುದರಿಂದ ಮೊದಲು ಎಸೆದದ್ದಕ್ಕೆ ಕಳಿಸಿ. ತಪ್ಪು ಡಮ್ಮಿ ಬಾಯಿಗೆ ಸಿಕ್ಕರೆ ಆ ಪಾಠ ನೀರುಪಾಲು. ಅದಕ್ಕೇ ಡಮ್ಮಿಗಳ ಹತ್ತಿರ ಒಬ್ಬ ಸಹಾಯಕ ಇದ್ದು, ತಪ್ಪಿ ಬಂದರೆ ಎತ್ತಿಕೊಳ್ಳಬೇಕು. ಕೈ ಆಡಿಸುವ ಮೊದಲೇ ನಾಯಿ ಎದ್ದರೆ ಮತ್ತೆ ಕೂರಿಸಿ, ಕಾಯುವ ಹೊತ್ತು ಹೆಚ್ಚಿಸಿ.

ಮೂರು ಗುಂಪಿಗೆ ಬಂದಾಗ ನಾಯಿ ನಡುವೆ. ಎಡ, ಬಲ, ಹಿಂದೆ ಮೂವತ್ತು ಹೆಜ್ಜೆಗೆ ಐದೈದು ಡಮ್ಮಿ. ಗುಂಪಿನ ಜಾಗ ಒಂದು ವಾರ ಬದಲಿಸಬೇಡಿ. ಇದು ಗಟ್ಟಿಯಾದ ಮೇಲೆ ನಿಮ್ಮ ಪಕ್ಕದಿಂದಲೇ ಹಿಂದಿನ ಗುಂಪಿಗೆ ನೇರ ಕಳಿಸಿ, ನಡುವೆ ಸೀಟಿ ಊದಿ ಪಕ್ಕಕ್ಕೆ ತಿರುಗಿಸಿ. ಐದಾರು ಓಟಕ್ಕೆ ಒಂದೇ ಸಲ. ಪ್ರತಿ ಸಲ ನಿಲ್ಲಿಸಿದರೆ, ಸೀಟಿ ಇಲ್ಲದೆಯೂ ನಾಯಿ ನಡುದಾರಿಯಲ್ಲಿ ನಿಂತು ಹಿಂದಿರುಗಿ ನೋಡತೊಡಗುತ್ತದೆ. ಈ ಚಟ ಹತ್ತಿದರೆ ಕೈಸನ್ನೆ ಪೂರ್ತಿ ಬಿಟ್ಟು ಎರಡು ವಾರ ನೇರ ಓಟ ಮಾತ್ರ ಮಾಡಿಸಿ.

ಗಾಳಿ ನಾಯಿಯಿಂದ ಡಮ್ಮಿಯ ಕಡೆಗೆ ಬೀಸುವಂತೆ ನೋಡಿಕೊಳ್ಳಿ. ಎದುರುಗಾಳಿಯಲ್ಲಿ ವಾಸನೆಯೇ ಕರೆದೊಯ್ಯುತ್ತದೆ, ನಾಯಿ ಕಲಿತಿದೆ ಎಂದು ನೀವು ಮೋಸಹೋಗುತ್ತೀರಿ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ನಾಯಿಗೆ ಬೆಳಕು ಕಣ್ಣಿಗೆ ಹೊಡೆದು ಕೈ ಕಾಣದು. ಬಿಳಿ ಅಂಗಿ ತೊಟ್ಟು ಜಾಲಿಪೊದೆಯ ಮುಂದೆ ನಿಲ್ಲಿ.

ಜೋಳ, ಕಡಲೆ ಕಟಾವಾದ ಹೊಲ ಒಳ್ಳೆಯದು. ಕುಸುಬೆ ಹೊಲಕ್ಕೆ ಹೋಗಬೇಡಿ, ಕೂಳೆ ಮುಳ್ಳುಮುಳ್ಳು. ಮಾರ್ಚ್‌ನಿಂದ ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಒಮ್ಮೆಗೆ ಹದಿನೈದು ನಿಮಿಷ ಸಾಕು.

ನೀರಿಗೆ

ನೆಲದಲ್ಲಿ ಮೂರು ಗುಂಪೂ ತಪ್ಪಿಲ್ಲದೆ ಬಂದ ಮೇಲೇ ನೀರು. ಇಳಿಜಾರು ದಂಡೆಯ ಸಣ್ಣ ಕೆರೆ ಆರಿಸಿ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಸಿಮೆಂಟ್ ಕಾಲುವೆ ಎರಡೂ ಬೇಡವೇ ಬೇಡ. ಜಾರುವ ಗೋಡೆ ಹತ್ತಲಾಗದೆ ಈಜು ಬಲ್ಲ ನಾಯಿಯೂ ಮುಳುಗುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ವಲಸೆ ಹೆಬ್ಬಾತುಗಳು ಇಳಿಯುತ್ತವೆ; ನಾಯಿ ಬಿಟ್ಟು ಅವುಗಳನ್ನು ಅಟ್ಟುವುದೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಮೀನುಬಲೆ ಕಟ್ಟಿದ ಕಡೆಯೂ ಇಳಿಸಬೇಡಿ, ಕಾಲು ಸಿಕ್ಕರೆ ಬಿಡಿಸುವಷ್ಟು ಹೊತ್ತು ಸಿಗದು.

ಈಜುವ ನಾಯಿ ಕೂರಲಾರದು. ಸೀಟಿಗೆ ತಿರುಗಿ ನೋಡಿದರೆ ಅದೇ ಕೂತ ಲೆಕ್ಕ. ಅದರ ಕಣ್ಣು ನೀರಿನ ಮಟ್ಟದಲ್ಲಿರುವುದರಿಂದ ನೀವು ಎತ್ತರದ ದಂಡೆ ಮೇಲೆ ನಿಂತು, ಕೈಯನ್ನು ನೆಲದಲ್ಲಿ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಕು. ಮೊದಲ ವಾರಗಳಲ್ಲಿ ಹದಿನೈದು ಹೆಜ್ಜೆಗಿಂತ ಆಚೆ ನಿಲ್ಲಿಸಬೇಡಿ, ದಣಿದ ನಾಯಿ ಸೀಟಿ ಕೇಳಿದರೆ ವಾಪಸು ಬಂದುಬಿಡುತ್ತದೆ. ಡಮ್ಮಿ ತರಲು ನೀರಿಗಿಳಿಯದೆ ದಂಡೆಗುಂಟ ಸುತ್ತಿ ಓಡುವುದು ಲ್ಯಾಬ್ರಡಾರ್‌ಗೆ ಸಹಜ. ಅದಕ್ಕೆ ಬೈಯಬೇಡಿ, ನಾಯಿಯನ್ನು ನೀರಿನಂಚಿನಲ್ಲಿ ನೀರಿಗೆ ನೇರ ಎದುರಾಗಿ ನಿಲ್ಲಿಸಿ ಬಿಡಿ. ಓರೆಯಾಗಿ ಇಳಿಸುವುದು ಆಮೇಲಿನ ತಿಂಗಳ ಮಾತು. ಮನೆಗೆ ಬಂದ ಮೇಲೆ ಕಿವಿಯೊಳಗೆ ಒಣಬಟ್ಟೆ ಆಡಿಸಿ, ಬೆರಳ ಸಂದಿಯಲ್ಲಿ ನೆಗ್ಗಿಲಮುಳ್ಳು, ಉಣ್ಣೆ ಹುಡುಕಿ ತೆಗೆಯಿರಿ. ಇಲಿಜ್ವರದ ಲಸಿಕೆ ಬಾಕಿ ಇದ್ದರೆ ನೀರಿಗಿಳಿಸುವ ಮೊದಲೇ ಹಾಕಿಸಿರಬೇಕು.