ಫೋನ್ ನಾನು ತೆಗೆದುಕೊಳ್ಳಲಿಲ್ಲ: ಬಿ.ಕಾಂ. ಹುಡುಗಿಯರ ಇಂಟರ್ನ್‌ಶಿಪ್, ನನ್ನ ಅನುಭವ

ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವ ನನ್ನ ಆಫೀಸಿನಲ್ಲಿ ಬಿ.ಕಾಂ. ಹುಡುಗಿಯರನ್ನು ಇಂಟರ್ನ್ ಆಗಿ ತೆಗೆದುಕೊಂಡು ಕೆಲಸ ಕಲಿಸುತ್ತೇನೆ. "ಆರು ತಿಂಗಳು ಕಲಿಸಿ ಏನ್ ಪ್ರಯೋಜನ ಮೇಡಂ, ಮದುವೆ ಆಗಿ ಹೋಗ್ತಾರೆ" ಅಂದವರು ದಾವಣಗೆರೆಯ ಟ್ಯಾಕ್ಸ್ ಪ್ರಾಕ್ಟೀಷನರ್‌ಗಳೇ. ಈಗ ಅವರೇ ಫೋನ್ ಮಾಡಿ, "ನಿಮ್ಮಲ್ಲಿ ಕಲಿತ ಹುಡುಗಿ ಇದ್ದರೆ ಕಳಿಸಿ" ಅಂತಾರೆ.

ಮೊದಲ ಬ್ಯಾಚಿಗೆ ಸ್ಟೈಪೆಂಡ್ ಇರಲಿಲ್ಲ, ಬರೀ ಸರ್ಟಿಫಿಕೇಟ್. ಎರಡನೇ ತಿಂಗಳಿಗೇ ಆಫೀಸ್ ಖಾಲಿ. ದುಡ್ಡಿಲ್ಲದ ಕೆಲಸಕ್ಕೆ ಯಾಕೆ ಹೋಗ್ತೀಯ ಅಂತ ಮನೆಯಲ್ಲಿ ಕೇಳಿದರೆ ಅವರಾದರೂ ಏನು ಹೇಳಬೇಕು? ಆಮೇಲೆ ತಿಂಗಳಿಗೆ ಐದು ಸಾವಿರ ಕೊಟ್ಟೆ, ಈಗ ಏಳು ಸಾವಿರದ ಹತ್ತಿರ. ನಮ್ಮಲ್ಲಿ ಪರ್ಮನೆಂಟ್ ಸ್ಟಾಫ್ ನಾಲ್ಕು ಜನರೂ ಇಲ್ಲ, ಹಾಗಾಗಿ ಅಪ್ರೆಂಟಿಸ್ ಯೋಜನೆಯಲ್ಲಿ ಸರ್ಕಾರ ಕೊಡುವ ಪಾಲು ಸಿಗಲ್ಲ. ಎಲ್ಲಾ ಕೈಯಿಂದಲೇ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಿಗೆ ಮತ್ತೆ ಅರವತ್ತು ಸಾವಿರದಷ್ಟು ಹೋಯಿತು.

ಎರಡನೇ ಬ್ಯಾಚಿಗೆ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿಸಿದ್ದು ಸುಮ್ನೆ ದಂಡ. ಎಂಟ್ರಿ ಅವರಿಗೆ ಚೆನ್ನಾಗೇ ಬರುತ್ತಿತ್ತು. ಪಾರ್ಟಿಗೆ, ಅಂದರೆ ನಮ್ಮ ಗಿರಾಕಿಗೆ, ಫೋನ್ ಮಾಡು ಅಂದರೆ ಮಾತ್ರ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ತೊಡಕು ಇದ್ದದ್ದು ಅಲ್ಲಿ.

ಹಾಗಾಗಿ ಈಗ ಮೊದಲ ವಾರದಿಂದಲೇ ಫೋನು. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದಲ್ವಾ, ಸಪ್ಲೈಯರ್‌ಗಳು ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ಅದರಲ್ಲಿ ಬಿಲ್ ಬರದಿದ್ದರೆ ಖರೀದಿಗೆ ಕೊಟ್ಟ ಟ್ಯಾಕ್ಸಿನ ಕ್ರೆಡಿಟ್ ಪಾರ್ಟಿಗೆ ಸಿಗಲ್ಲ. ಪರ್ಚೇಸ್ ಜೊತೆ ತಾಳೆ ನೋಡಿ, ಬರದ ಬಿಲ್ಲಿಗೆ ಹುಡುಗಿಯೇ ಪಾರ್ಟಿಗೆ ಫೋನ್ ಮಾಡಬೇಕು. ಜಗಳೂರಿನಿಂದ ಬರುತ್ತಿದ್ದ ಒಬ್ಬಳು ಹಾರ್ಡ್‌ವೇರ್ ಅಂಗಡಿಗೆ ಫೋನ್ ಹಚ್ಚಿದಳು. "ಅಣ್ಣಾ, ನಿಮ್ಮ ಸಿಮೆಂಟ್ ಸಪ್ಲೈಯರ್ ಜಿಎಸ್‌ಟಿಆರ್-1 ಹಾಕಿಲ್ಲ, ಕ್ರೆಡಿಟ್ ಬಂದಿಲ್ಲ." ಆ ಕಡೆಯಿಂದ, "ನಿನಗೇನು ಗೊತ್ತಾಗುತ್ತವ್ವಾ, ಮೇಡಂಗೆ ಕೊಡು ಫೋನು." ನಾನು ಪಕ್ಕದಲ್ಲೇ ಕೂತಿದ್ದೆ, ತೆಗೆದುಕೊಳ್ಳಲಿಲ್ಲ. ಅವಳು ಬಿಲ್ ನಂಬರು, ತಾರೀಖು, ಟ್ಯಾಕ್ಸ್ ಮೊತ್ತ ಒಂದೊಂದಾಗಿ ಓದಿ ಹೇಳಿದಳು. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆಯ್ತವ್ವಾ, ಅವನನ್ನ ಕೇಳ್ತೀನಿ."

ಈ ಹಟಕ್ಕೆ ಎರಡು ಪಾರ್ಟಿ ಬಿಟ್ಟು ಹೋದವು. ವರ್ಷಕ್ಕೆ ಮೂವತ್ತು ಸಾವಿರ ಫೀ ಹೋಯಿತು. ಹೋಗಲಿ. ಉಳಿದವರು ಈಗ ನನ್ನನ್ನು ಬಿಟ್ಟು ಆ ಹುಡುಗಿಯರನ್ನೇ ಕೇಳುತ್ತಾರೆ.

ಇನ್ನೊಂದು ತಲೆನೋವು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹರಿಹರ, ಚನ್ನಗಿರಿ ಕಡೆಯಿಂದ ಬರೋದು ಸುಲಭವಾಯಿತು, ಖರ್ಚಿಲ್ಲ. ಆದರೆ 20ನೇ ತಾರೀಖು, ತಿಂಗಳ ಟ್ಯಾಕ್ಸ್ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕುವ ಕೊನೆ ದಿನ, ರಾತ್ರಿ ಒಂಬತ್ತಾದರೆ ಯಾವ ಅಪ್ಪ ಮರುದಿನ ಕಳಿಸುತ್ತಾನೆ? ನಮ್ಮ ಆಫೀಸಿಗೆ ಕೊನೆ ದಿನ 18 ಅಂತ ಮಾಡಿದೆ. ಸಂಜೆ ಆರಕ್ಕೆ ಬಾಗಿಲು ಬಂದ್. ಪಾರ್ಟಿಗಳು ಗೊಣಗಿದರು, ಈಗ ಲೇಟ್ ಫೀ ಬೀಳೋದೇ ಅಪರೂಪ.

ಮಧ್ಯೆ ಇಂಗ್ಲಿಷ್‌ನಲ್ಲಿ ಅಣಕು ಸಂದರ್ಶನ ಮಾಡಿಸಿ ನೋಡಿದೆ, ಹೆದರಿಕೆ ಇನ್ನೂ ಜಾಸ್ತಿಯಾಯಿತು. ಅದರ ಬದಲು ಎಎಸ್‌ಎಂಟಿ-10 (ರಿಟರ್ನಿನಲ್ಲಿ ವ್ಯತ್ಯಾಸ ಕಂಡರೆ ಜಿಎಸ್‌ಟಿ ಇಲಾಖೆ ಕಳಿಸುವ) ನೋಟಿಸ್ ಕೈಗೆ ಕೊಟ್ಟು, "ಇದರಲ್ಲಿ ಇಲಾಖೆ ಏನು ಕೇಳಿದೆ, ಪಾರ್ಟಿಗೆ ಮೂರೇ ಮಾತಲ್ಲಿ ಕನ್ನಡದಲ್ಲಿ ಹೇಳು" ಅಂದೆ. ಅದು ಚೆನ್ನಾಗಿ ಹಿಡಿಯಿತು. ಸಂದರ್ಶನದಲ್ಲೂ ಹಾಗೇ ಮಾತಾಡುತ್ತಾರೆ.

ಯಾವ ಪಾರ್ಟಿಯ ಫೈಲು ಮೊದಲು ಕೊಡುತ್ತೇನೆ, ಯಾವುದು ಕೊನೆಗೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳೋಕೆ ನನಗೆ ಎರಡು ವರ್ಷ ಹಿಡಿದಿದೆ.

ಕಳೆದ ಬ್ಯಾಚಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕೆಲಸ ಸಿಕ್ಕಿದೆ. ಜಗಳೂರಿನವಳು ಬೆಂಗಳೂರಲ್ಲಿ ಇಪ್ಪತ್ತೆರಡು ಸಾವಿರಕ್ಕೆ ಸೇರಿದ್ದಾಳೆ. ನೋಡಬೇಕು ಅನ್ನುವ ಪ್ರಾಕ್ಟೀಷನರ್‌ಗಳು 14ರಿಂದ 18ರೊಳಗೆ ಬನ್ನಿ, ಫೋನ್‌ಗಳು ನಡೆಯುತ್ತಿರುತ್ತವೆ.