ಜರ್ಮನಿಗೆ ಹೊರಟಿದ್ದೀರಾ? ಮೊದಲು ಪೋಸ್ಟ್ ಡಬ್ಬಿಗೆ ಹೆಸರು ಅಂಟಿಸಿ

ನಾವು ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಜರ್ಮನಿಗೆ ಹೊರಟವರು ಯಾರೇ ಸಿಕ್ಕಿದರೂ ಕೇಳುವುದು ಚಳಿ ಹೇಗೆ, ಊಟಕ್ಕೇನು ಅಂತಲೇ. ಚಳಿಗೆ ದಪ್ಪ ಜಾಕೆಟ್ ಇದೆ, ಮನೆಯೊಳಗೆ ಹೀಟರ್ ಇದೆ. ದೊಡ್ಡ ಊರುಗಳ ತಮಿಳು ಅಂಗಡಿಗಳಲ್ಲಿ ತೊಗರಿಬೇಳೆ, ಸೋನಾ ಮಸೂರಿ ಸಿಗುತ್ತದೆ. ನಮಗೆ ಸುಸ್ತು ಹೊಡೆಸಿದ್ದು ಕಾಗದಪತ್ರ.

ಅಲ್ಲಿ ಎಲ್ಲ ಶುರುವಾಗುವುದು ವಿಳಾಸದಿಂದ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ‘ಅನ್ಮೆಲ್ಡುಂಗ್’ ಮಾಡಿಸಬೇಕು, ಅಂದರೆ ಈ ಮನೆಯಲ್ಲಿ ಇದ್ದೀವಿ ಅಂತ ಬರೆಸುವುದು. ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಬೇಕು. ಅದಾದ ಮೇಲೆ ತೆರಿಗೆ ನಂಬರ್ ಪೋಸ್ಟಿನಲ್ಲಿ ಬರುತ್ತದೆ. ಆ ನಂಬರ್ ಕೊಡದಿದ್ದರೆ ಸಂಬಳದಲ್ಲಿ ಜಾಸ್ತಿ ತೆರಿಗೆ ಹಿಡಿಯಬಹುದು, ಬ್ಯಾಂಕಿನವರೂ ಎಷ್ಟೋ ಸಲ ನೋಂದಣಿ ಕಾಗದವನ್ನೇ ಕೇಳುತ್ತಾರೆ. ಹಾಗಾಗಿ ಯಾರಾದರೂ ಕಡಿಮೆ ಬಾಡಿಗೆಗೆ ರೂಮು ಕೊಡ್ತೀನಿ, ನೋಂದಣಿ ಮಾತ್ರ ಮಾಡಿಸಬೇಡಿ ಅಂದರೆ ಆ ಸಹವಾಸವೇ ಬೇಡ.

ಆಮೇಲೆ ಪೋಸ್ಟ್ ಡಬ್ಬಿ. ಬಹಳಷ್ಟು ಕಟ್ಟಡಗಳಲ್ಲಿ ಮನೆ ನಂಬರ್ ನೋಡಿ ಪತ್ರ ಹಾಕುವುದಿಲ್ಲ, ಡಬ್ಬಿ ಮೇಲಿನ ಹೆಸರು ನೋಡಿ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಪತ್ರ ವಾಪಸ್. ನಮ್ಮ ಕಡೆಯವರಿಗೆ ಪೀಕಲಾಟ ಇರುವುದೇ ಇಲ್ಲಿ. ನಮ್ಮ ಮನೆಯಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಾಗ ನನ್ನ ಸರ್‌ನೇಮ್ ಅಪ್ಪನ ಹೆಸರಾಯಿತು, ಹೆಂಡತಿಯದ್ದು ಅವಳ ಊರಿನ ಹೆಸರು. ಅಲ್ಲಿ ಪತ್ರ ಬರುವುದೆಲ್ಲ ಅಪ್ಪನ ಹೆಸರಿಗೆ, ಅವರು ಪಾಪ ಜಯನಗರದಲ್ಲಿ ಹಾಯಾಗಿ ಪೇಪರ್ ಓದುತ್ತಾ ಕೂತಿರುತ್ತಿದ್ದರು! ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಎರಡೂ ಹೆಸರು ಅಂಟಿಸಿದೆವು. ನಿಮ್ಮ ಡಿಗ್ರಿ, ಮದುವೆ ಸರ್ಟಿಫಿಕೇಟುಗಳಲ್ಲಿ ಹೆಸರು ಬೇರೆ ಬೇರೆ ಥರ ಇದ್ದರೆ ಇಲ್ಲಿರುವಾಗಲೇ ಸರಿಮಾಡಿಸಿಕೊಳ್ಳಿ, ಅಲ್ಲಿ ಕೂತು ಮಾಡಿಸುವುದು ದೊಡ್ಡ ತಲೆನೋವು.

ಪತ್ರಗಳಲ್ಲಿ ಒಂದು ರೇಡಿಯೋ-ಟಿವಿ ಶುಲ್ಕದ್ದು. ಟಿವಿ ಇಲ್ಲದಿದ್ದರೂ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ನಮ್ಮಿಬ್ಬರಿಗೂ ಪತ್ರ ಬಂತು, ಆದರೆ ಮನೆಗೆ ಒಬ್ಬರು ಕಟ್ಟಿದರೆ ಸಾಕು. ಇನ್ನೊಬ್ಬರು ಕಟ್ಟುವವರ ಶುಲ್ಕದ ಖಾತೆ ನಂಬರ್ ಬರೆದು ಉತ್ತರ ಕಳಿಸಬೇಕು, ಸುಮ್ನೆ ಇದ್ದರೆ ಆಗದು. ನಾನು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1, ಅಂದರೆ ಜರ್ಮನ್ ಭಾಷೆಯ ಮೊದಲ ಹಂತ, ಮುಗಿಸಿಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಬ್ರೆಡ್ಡು ಕೇಳಲು ಅಷ್ಟು ಸಾಕು, ಈ ಪತ್ರಗಳಿಗೆ ಫೋನ್ ಕ್ಯಾಮೆರಾ ಹಿಡಿದು ಅನುವಾದ ನೋಡುವುದೇ ಗತಿ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ನೆಮ್ಮದಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೊಟ್ಟು ಅಭ್ಯಾಸ ಅಲ್ವಾ? ಅಲ್ಲಿ ಕಾನೂನಿನ ಪ್ರಕಾರ 3 ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ 3 ಕಂತಿನಲ್ಲಿ ಕೊಡಬಹುದು. ಆದರೆ ಮನೆ ಜಾಹೀರಾತಿನಲ್ಲಿ ‘ಇಬಿಕೆ’ (EBK) ಅಂತ ಇದೆಯಾ ನೋಡಿ, ಅಂದರೆ ಅಡುಗೆಮನೆ ಫಿಟಿಂಗ್ ಸಮೇತ ಅಂತ. ಇಲ್ಲದಿದ್ದರೆ ಅಡುಗೆಮನೆಯಲ್ಲಿ ಬರೀ ಗೋಡೆ, ಪೈಪು ಇದ್ದರೂ ಇರಬಹುದು, ಸಿಂಕಿನಿಂದ ಒಲೆವರೆಗೆ ನೀವೇ ಹಾಕಿಸಿಕೊಳ್ಳಬೇಕು.

ಮಿಕ್ಸಿ ಧೈರ್ಯವಾಗಿ ಒಯ್ಯಿರಿ, ಅಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಕುಕ್ಕರ್ ಇಂಡಕ್ಷನ್ ತಳದ್ದಿರಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸದ್ದೂ ಮಾಡುವಂತಿಲ್ಲ. ಅದಕ್ಕೇ ನಾವು ಶನಿವಾರ ಹಗಲೇ ಹಾಲು ಮೊಸರು ತಂದು, ದೋಸೆಗೆ ರುಬ್ಬಿ, ಹಿಟ್ಟಿನ ಪಾತ್ರೆಯನ್ನು ಓವನ್ ಒಳಗಿಟ್ಟು ಬರೀ ದೀಪ ಹಾಕಿ ಬಿಡುತ್ತಿದ್ದೆವು. ಜನವರಿಯಲ್ಲೂ ಹಿಟ್ಟು ಉಬ್ಬುತ್ತದೆ.